ಹಿತ್ತಿಲ ಹಕ್ಕಿಗೆ ಹುಷಾರಿಲ್ಲವೆಂದು ತಿಳಿಯುವುದು ಹೇಗೆ?

ಕಾಯಿಲೆ ಬಿದ್ದ ಹಕ್ಕಿ ತನ್ನ ಕೈಲಾದಷ್ಟು ಕಾಲ ಅದನ್ನು ಮುಚ್ಚಿಡುತ್ತದೆ. ಗುಂಪಿನಲ್ಲಿ ಯಾವುದು ನಿಧಾನ, ಯಾವುದು ಮಂಕು ಎಂದು ಹೊಂಚು ಹಾಕುವ ಬೆಕ್ಕು, ಗಿಡುಗ, ಹಾವುಗಳ ನಡುವೆ ಬದುಕುವ ಜೀವ ನಿತ್ರಾಣವನ್ನು ತೋರಿಸಿಕೊಂಡರೆ ಪ್ರಾಣಕ್ಕೇ ಕುತ್ತು ತಂದುಕೊಂಡಂತೆ. ಆದ್ದರಿಂದ ರೆಕ್ಕೆಯಲ್ಲಿ ಕಸುವಿರುವವರೆಗೂ ಅದು ಉಳಿದವುಗಳ ಜೊತೆಯಲ್ಲೇ ಹಾರುತ್ತದೆ, ಅವು ಕಾಳು ಹೆಕ್ಕುವ ಜಾಗದಲ್ಲಿ ತಾನೂ ಇಳಿದು ಕೊಕ್ಕು ಆಡಿಸುತ್ತದೆ. ನೋಡಿದವರಿಗೆಲ್ಲ ತಿಳಿಯುವಷ್ಟು ಮಂಕಾಗಿ ಕೂತ ಹಕ್ಕಿಯಲ್ಲಿ ಕಾಯಿಲೆ ಆಗಷ್ಟೇ ಶುರುವಾಗಿರುವುದು ಅಪರೂಪ. ಸಾಮಾನ್ಯವಾಗಿ ಅದು ಆ ಹೊತ್ತಿಗೆ ಬಹಳ ಮುಂದುವರಿದಿರುತ್ತದೆ. ಈ ಕಾರಣಕ್ಕಾಗಿಯೇ ರೋಗಲಕ್ಷಣಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ, ದಿನವೂ ಬರುವ ಗುಬ್ಬಿ, ಪಾರಿವಾಳ, ಪಿಕಳಾರ, ಮೈನಾಗಳು ಆರೋಗ್ಯವಾಗಿದ್ದಾಗ ಹೇಗೆ ಕೂರುತ್ತವೆ, ಹೇಗೆ ತಿನ್ನುತ್ತವೆ, ಎಷ್ಟು ಬೇಗ ಬೆದರುತ್ತವೆ ಎಂಬುದನ್ನು ಗಮನಿಸಿಟ್ಟುಕೊಳ್ಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ಮೊದಲು ಮಾಮೂಲು ಗೊತ್ತಿರಬೇಕಲ್ಲವೇ?

ಆ ಮಾಮೂಲಿನಲ್ಲಿ ಮೊದಲು ಅಳೆಯಬೇಕಾದದ್ದು ದೂರ. ಪ್ರತಿಯೊಂದು ಜಾತಿಯ ಹಕ್ಕಿಯೂ ಮನುಷ್ಯನನ್ನು ಇಷ್ಟು ಹತ್ತಿರಕ್ಕೆ ಬಿಟ್ಟುಕೊಂಡು ಆಮೇಲೆ ಹಾರಿಹೋಗುತ್ತದೆ ಎಂಬ ಒಂದು ಅಂತರವಿರುತ್ತದೆ. ಜನರ ನಡುವೆ ಬೆಳೆದ ಪಾರಿವಾಳದ ಅಂತರ ಕೆಲವೇ ಹೆಜ್ಜೆ. ಪೊದೆಯಲ್ಲಿ ಅಡಗಿ ತಿರುಗುವ ಹಕ್ಕಿಯದು ಬಹಳ ಹೆಚ್ಚು. ನಿನ್ನೆಯವರೆಗೆ ಬಾಗಿಲು ತೆರೆದ ಸದ್ದಿಗೇ ಹಾರಿಹೋಗುತ್ತಿದ್ದ ಹಕ್ಕಿ ಇಂದು ಪಕ್ಕದಲ್ಲೇ ನಡೆದುಹೋದರೂ ಕದಲದೆ ಕೂತಿದ್ದರೆ ಅದು ನಮಗೆ ಒಗ್ಗಿಕೊಂಡಿತೆಂದು ಸಂತೋಷಪಡುವಂತಿಲ್ಲ. ಕೈಗೇ ಬಂದು ಕೂತಿತು, ಎಷ್ಟು ಸಾಧು ಎಂದು ಜನ ಮೆಚ್ಚಿಕೊಳ್ಳುವ ಕಾಡುಹಕ್ಕಿಗಳಲ್ಲಿ ಹೆಚ್ಚಿನವು ಹಾರಲು ಶಕ್ತಿಯಿಲ್ಲದವು ಇಲ್ಲವೇ ಕಣ್ಣು ಕಾಣದವು. ಉಳಿದೆಲ್ಲ ಲಕ್ಷಣಗಳಿಗಿಂತ ಈ ಅಂತರದ ಕುಸಿತ ಹೆಚ್ಚು ನಂಬಲರ್ಹವಾದದ್ದೆಂದು ನನಗನ್ನಿಸುತ್ತದೆ. ದೂರದಿಂದಲೇ ತಿಳಿಯುತ್ತದೆ, ದುರ್ಬೀನು ಬೇಕಿಲ್ಲ, ಯಾವ ಜಾತಿಗಾದರೂ ಅನ್ವಯಿಸುತ್ತದೆ.

ಎರಡನೆಯದು ಗರಿ ಉಬ್ಬಿಸಿಕೊಂಡು ಉಂಡೆಯಂತೆ ಕೂರುವುದು. ಇದನ್ನು ಎಲ್ಲರೂ ಹೇಳುತ್ತಾರೆ, ಆದರೆ ಯಾಕೆ ಹಾಗೆ ಕೂರುತ್ತದೆ ಎಂಬುದು ಗೊತ್ತಿದ್ದರೆ ಮಾತ್ರ ಯಾವಾಗ ಚಿಂತಿಸಬೇಕು, ಯಾವಾಗ ಬೇಡ ಎಂಬುದು ತಿಳಿಯುತ್ತದೆ. ಪುಟ್ಟ ಹಕ್ಕಿಗಳ ಮೈ ಬಿಸಿ ಸುಮಾರು 40ರಿಂದ 42 ಡಿಗ್ರಿ ಸೆಲ್ಸಿಯಸ್. ಅಷ್ಟನ್ನು ಕಾಯ್ದುಕೊಳ್ಳಲು ಅವು ಹಗಲೆಲ್ಲ ತಿನ್ನುತ್ತಲೇ ಇರಬೇಕು. ಚಳಿಗಾಲದ ಒಂದೇ ರಾತ್ರಿಯಲ್ಲಿ ಕೆಲವು ಸಣ್ಣ ಜಾತಿಗಳು ತಮ್ಮ ತೂಕದ ಹತ್ತನೇ ಒಂದು ಭಾಗದಷ್ಟನ್ನು ಕಳೆದುಕೊಂಡು ಬೆಳಗಾದೊಡನೆ ಮತ್ತೆ ತುಂಬಿಕೊಳ್ಳುತ್ತವೆ. ಕಾಯಿಲೆಯಿಂದ ಮೇವು ಸೇರದೆ ಹೋದಾಗ ಒಳಗಿನ ಬಿಸಿ ಉಳಿಸಿಕೊಳ್ಳಲು ಉಳಿಯುವ ದಾರಿ ಒಂದೇ: ಗರಿಗಳನ್ನು ನಿಮಿರಿಸಿ, ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು, ಅಲ್ಲಾಡದೆ ಕೂರುವುದು. ಚಳಿಯ ಬೆಳಗಿನಲ್ಲಿ, ಮಿಂದ ಮೇಲೆ, ನಿದ್ದೆಗೆ ಮುನ್ನ ಆರೋಗ್ಯವಂತ ಹಕ್ಕಿಯೂ ಇದನ್ನೇ ಮಾಡುವುದರಿಂದ ಉಬ್ಬಿದ ಗರಿಯೊಂದನ್ನೇ ನೋಡಿ ತೀರ್ಮಾನಕ್ಕೆ ಬರಬಾರದು. ಬಿಸಿಲೇರಿದ ಹೊತ್ತಿನಲ್ಲಿಯೂ ಹಾಗೆಯೇ ಕೂತಿದೆಯೇ, ಕಣ್ಣು ಅರೆಮುಚ್ಚಿದೆಯೇ, ಜೊತೆಯವು ಎದ್ದುಹೋದ ಮೇಲೂ ಒಂಟಿಯಾಗಿ ಉಳಿದಿದೆಯೇ, ಸದ್ದಾದರೆ ಗರಿಗಳನ್ನು ಥಟ್ಟನೆ ಮೈಗಂಟಿಸಿ ಕತ್ತು ನೀಳ ಮಾಡುತ್ತದೆಯೇ ಅಥವಾ ಕಣ್ಣು ತೆರೆದು ಮತ್ತೆ ಮುಚ್ಚುತ್ತದೆಯೇ ಎಂಬುದನ್ನು ನೋಡಬೇಕು. ಸುಮ್ಮನೆ ವಿಶ್ರಮಿಸುತ್ತಿರುವ ಹಕ್ಕಿ ಒಂದೇ ಕ್ಷಣದಲ್ಲಿ ತೆಳ್ಳಗಾಗುತ್ತದೆ, ಕಾಯಿಲೆಯದು ಹಾಗಾಗುವುದಿಲ್ಲ.

ಕಣ್ಣಿನ ರೋಗಕ್ಕೆ ಚೆನ್ನಾಗಿ ದಾಖಲಾಗಿರುವ ಉದಾಹರಣೆ ಅಮೆರಿಕದ ಹೌಸ್ ಫಿಂಚ್ ಎಂಬ ಕಂದುಬಣ್ಣದ, ಗುಬ್ಬಿಗಾತ್ರದ ಹಕ್ಕಿಯದು. ಆ ದೇಶದ ಪಶ್ಚಿಮ ಭಾಗದ ಈ ಹಕ್ಕಿಯನ್ನು 1940ರ ಸುಮಾರಿಗೆ ಪಂಜರದ ಹಕ್ಕಿಯಾಗಿ ಮಾರಲು ನ್ಯೂಯಾರ್ಕಿಗೆ ತಂದವರು ಅಲ್ಲಿ ಹೊರಗೆ ಬಿಟ್ಟುಬಿಟ್ಟರು. ಅವುಗಳ ಸಂತತಿ ಪೂರ್ವ ಕರಾವಳಿಯುದ್ದಕ್ಕೂ ಹಬ್ಬಿತು. 1994ರ ಆರಂಭದಲ್ಲಿ ವಾಷಿಂಗ್ಟನ್ ನಗರದ ಸುತ್ತಮುತ್ತ, ಮನೆಗಳ ಬಳಿ ಕಾಳು ತಿನ್ನಲು ಬರುತ್ತಿದ್ದ ಹೌಸ್ ಫಿಂಚ್‌ಗಳ ಕಣ್ಣು ಕೆಂಪಾಗಿ ಊದಿಕೊಂಡು, ರಸಿಗೆ ಅಂಟಿ ಮುಚ್ಚಿಹೋಗುತ್ತಿರುವುದು ಜನರ ಗಮನಕ್ಕೆ ಬಂತು. ಕಾರಣ, ಕೋಳಿಗಳಿಗೆ ಉಸಿರಾಟದ ರೋಗ ತರುವುದೆಂದು ಮೊದಲೇ ಗೊತ್ತಿದ್ದ ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್ ಎಂಬ ಬ್ಯಾಕ್ಟೀರಿಯಾ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರ ಪ್ರಯೋಗಾಲಯ ಹಿತ್ತಿಲಲ್ಲಿ ಹಕ್ಕಿ ನೋಡುವ ಸಾಮಾನ್ಯ ಜನರಿಂದಲೇ ವರದಿ ತರಿಸಿಕೊಂಡು ಈ ರೋಗದ ಹರಡುವಿಕೆಯನ್ನು ಹಿಂಬಾಲಿಸಿತು. ಕೆಲವೇ ವರ್ಷಗಳಲ್ಲಿ ಅದು ಪೂರ್ವಭಾಗವನ್ನೆಲ್ಲ ವ್ಯಾಪಿಸಿ, ಹಕ್ಕಿಗಳು ದಟ್ಟವಾಗಿದ್ದ ಕಡೆಗಳಲ್ಲಿ ಅವುಗಳ ಸಂಖ್ಯೆಯನ್ನು ಸುಮಾರು ಅರ್ಧಕ್ಕಿಳಿಸಿತು. ಈ ರೋಗ ನೇರವಾಗಿ ಕೊಲ್ಲುವುದು ಕಡಿಮೆ. ಕಣ್ಣು ಕಾಣದ ಹಕ್ಕಿ ಕಾಳು ಸಿಗದೆ ಸೊರಗುತ್ತದೆ, ಎರಗಿಬರುವ ಗಿಡುಗವನ್ನು ನೋಡಲಾರದು. ಇಂಥ ಹಕ್ಕಿ ಕೂತ ಕೊಂಬೆಗೋ ಕಾಳಿನ ಪಾತ್ರೆಯ ಅಂಚಿಗೋ ಕಣ್ಣನ್ನು ಮತ್ತೆ ಮತ್ತೆ ಉಜ್ಜುತ್ತದೆ, ಜೊತೆಯವು ಹೊರಟುಹೋದರೂ ಪಾತ್ರೆಯ ಬಳಿಯೇ ಉಳಿದುಕೊಳ್ಳುತ್ತದೆ. ಅದು ಉಜ್ಜಿದ ಅಂಚಿಗೆ ಮುಂದಿನ ಹಕ್ಕಿ ಮುಖ ತಾಗಿಸುತ್ತದೆ, ರೋಗ ದಾಟುತ್ತದೆ.

ಗಂಟಲಿನ ರೋಗ ಇದಕ್ಕಿಂತ ಹಳೆಯದು. ಟ್ರೈಕೊಮೊನಾಸ್ ಗ್ಯಾಲಿನೇ ಎಂಬ ಏಕಕೋಶ ಪರಾವಲಂಬಿ ಪಾರಿವಾಳ ಮತ್ತು ಬೆಳವಗಳ ಗಂಟಲಿನಲ್ಲಿ ನೆಲೆಸುತ್ತದೆ. ದೊಡ್ಡ ಪಾರಿವಾಳಗಳು ಎಷ್ಟೋ ಸಲ ಯಾವ ತೊಂದರೆಯೂ ಇಲ್ಲದೆ ಅದನ್ನು ಹೊತ್ತು ತಿರುಗುತ್ತ, ಮರಿಗೆ ಗಂಟಲಿನ ಹಾಲು ಉಣಿಸುವಾಗ ದಾಟಿಸಿಬಿಡುತ್ತವೆ. ಪಾರಿವಾಳವನ್ನು ಹಿಡಿದು ತಿಂದ ಗಿಡುಗಕ್ಕೂ ಅಂಟುತ್ತದೆ. ರೋಗ ಬಲಿತಾಗ ಬಾಯಿ, ಗಂಟಲುಗಳಲ್ಲಿ ಗಿಣ್ಣಿನಂಥ ಹಳದಿ ಗಂಟುಗಳೆದ್ದು ದಾರಿ ಕಟ್ಟಿಕೊಳ್ಳುವುದರಿಂದ ಹಕ್ಕಿ ಕಾಳನ್ನು ಬಾಯಿಗೆ ತೆಗೆದುಕೊಳ್ಳುತ್ತದೆ, ಕತ್ತನ್ನು ಚಾಚಿ ನುಂಗಲು ಹೆಣಗುತ್ತದೆ, ಕೊನೆಗೆ ಹೊರಗೆ ಕಕ್ಕಿಬಿಡುತ್ತದೆ. ಕೊಕ್ಕಿನ ಸುತ್ತಲ ಗರಿ ಜೊಲ್ಲಿನಿಂದ ತೊಯ್ದು ಅಂಟಿಕೊಂಡಿರುತ್ತದೆ, ಕಾಳಿನ ಚೂರುಗಳು ಅದಕ್ಕೆ ಮೆತ್ತಿರುತ್ತವೆ. ಇದು ಬಹುಕಾಲ ಮುಖ್ಯವಾಗಿ ಪಾರಿವಾಳಗಳ ಮತ್ತು ಅವನ್ನು ತಿನ್ನುವ ಹಕ್ಕಿಗಳ ರೋಗವಾಗಿಯೇ ಇತ್ತು. 2005ರಲ್ಲಿ ಬ್ರಿಟನ್ನಿನ ಗ್ರೀನ್‌ಫಿಂಚ್ ಮತ್ತು ಚಾಫಿಂಚ್‌ಗಳಲ್ಲಿ ಕಾಣಿಸಿಕೊಂಡ ಮೇಲೆ ಚಿತ್ರ ಬದಲಾಯಿತು. ಮನೆ ಮನೆಯ ತೋಟದಲ್ಲೂ ಕಾಣುತ್ತಿದ್ದ ಗ್ರೀನ್‌ಫಿಂಚ್ ಎಷ್ಟು ಇಳಿಮುಖವಾಯಿತೆಂದರೆ, 2021ರಲ್ಲಿ ಅದನ್ನು ಆ ದೇಶದ ಸಂರಕ್ಷಣಾ ಕೆಂಪುಪಟ್ಟಿಗೆ ಸೇರಿಸಬೇಕಾಯಿತು. ಮನುಷ್ಯರಿಗೆ ಇದು ಅಂಟುವುದೆಂದು ತಿಳಿದುಬಂದಿಲ್ಲ.

ಸಾಲ್ಮೊನೆಲ್ಲಾ ಹಾಗಲ್ಲ. ಹಿಕ್ಕೆ ಬಿದ್ದ ಕಾಳು, ನೀರಿನಿಂದ ಹಕ್ಕಿಯಿಂದ ಹಕ್ಕಿಗೆ ಹರಡುವ ಈ ಬ್ಯಾಕ್ಟೀರಿಯಾ ಮನುಷ್ಯರಿಗೂ ಬೆಕ್ಕು ನಾಯಿಗಳಿಗೂ ಬರುತ್ತದೆ. 2020–21ರ ಚಳಿಗಾಲದಲ್ಲಿ ಅಮೆರಿಕದ ಪಶ್ಚಿಮ ತೀರದಲ್ಲಿ ಪೈನ್ ಸಿಸ್ಕಿನ್ ಎಂಬ ಪುಟ್ಟ ಹಕ್ಕಿಗಳು ಇದರಿಂದ ರಾಶಿ ರಾಶಿಯಾಗಿ ಸತ್ತವು. 2021ರಲ್ಲಿ ಅದೇ ದೇಶದ 12 ರಾಜ್ಯಗಳ 29 ಮಂದಿಯಲ್ಲಿ ಕಂಡುಬಂದ ಸೋಂಕಿಗೆ ಹಾಡುಹಕ್ಕಿಗಳ ಸಂಪರ್ಕವೇ ಮೂಲವೆಂದು ಅಲ್ಲಿನ ಆರೋಗ್ಯ ಇಲಾಖೆ ಗುರುತಿಸಿತು. ತೊಡಕೆಂದರೆ ಇದಕ್ಕೆ ತನ್ನದೇ ಆದ ಗುರುತಿಲ್ಲ. ಮಂಕು, ಉಬ್ಬಿದ ಗರಿ, ಬಾಲದ ಬುಡದಲ್ಲಿ ಮೆತ್ತಿದ ಹಿಕ್ಕೆ, ಮರುದಿನ ಕಾಳಿನ ಪಾತ್ರೆಯ ಕೆಳಗೆ ಸತ್ತುಬಿದ್ದಿರುವುದು, ಇಷ್ಟೇ. ಗಂಟಲು ರೋಗವೋ ಇದೋ ಎಂದು ನೋಟದಿಂದ ಬೇರ್ಪಡಿಸಲು ಪಶುವೈದ್ಯರಿಗೂ ಆಗುವುದಿಲ್ಲ, ಪ್ರಯೋಗಾಲಯದಲ್ಲೇ ತಿಳಿಯಬೇಕು.

ಉಸಿರಾಟವನ್ನು ಗಮನಿಸುವಾಗ ಎದೆಗಿಂತ ಬಾಲದ ಮೇಲೆ ಕಣ್ಣಿಡುವುದು ಲೇಸು. ಹಕ್ಕಿಗಳಿಗೆ ನಮ್ಮಂತೆ ವಪೆಯಿಲ್ಲ, ಅಂದರೆ ಎದೆ ಹೊಟ್ಟೆಗಳ ನಡುವೆ ಉಸಿರಾಟ ನಡೆಸುವ ಸ್ನಾಯುಪರದೆಯಿಲ್ಲ. ಎದೆಗೂಡನ್ನೇ ಹಿಗ್ಗಿಸಿ ಕುಗ್ಗಿಸಿ ಮೈಯೊಳಗಿನ ಗಾಳಿಚೀಲಗಳಿಗೆ ಉಸಿರು ತುಂಬಿಸುತ್ತವೆ. ಆರಾಮವಾಗಿರುವ ಹಕ್ಕಿಯಲ್ಲಿ ಈ ಚಲನೆ ಕಾಣುವುದೇ ಇಲ್ಲವೆನ್ನಬಹುದು. ಉಸಿರಿಗೆ ಕಷ್ಟಪಡುತ್ತಿರುವ ಹಕ್ಕಿ ಸುಮ್ಮನೆ ಕೂತಿದ್ದರೂ ಪ್ರತಿ ಉಸಿರಿಗೂ ಅದರ ಬಾಲ ಮೇಲೆ ಕೆಳಗೆ ಆಡುತ್ತದೆ, ಕೊಕ್ಕು ತೆರೆದೇ ಇರುತ್ತದೆ, ಕೆಲವೊಮ್ಮೆ ಸಣ್ಣಗೆ ಕಟಕಟ ಸದ್ದೂ ಬರುತ್ತದೆ. ಬೂಷ್ಟು ಹಿಡಿದ ಕಾಳಿನಿಂದ ಬರುವ ಶಿಲೀಂಧ್ರದ ಸೋಂಕು ಇದಕ್ಕೊಂದು ಕಾರಣ. ಬಿಸಿಲಿನ ಝಳದಲ್ಲಿ ಬಾಯಿ ತೆರೆದು ಗಂಟಲು ಪಟಪಟಿಸುವುದು ಬೇರೆ ಮಾತು: ಬೆವರುವ ಗ್ರಂಥಿಗಳಿಲ್ಲದ ಹಕ್ಕಿ ಮೈ ತಂಪು ಮಾಡಿಕೊಳ್ಳುವುದೇ ಹಾಗೆ.

ನರಗಳಿಗೆ ತಗಲುವ ರೋಗಗಳು ನೋಡಲು ಭಯ ಹುಟ್ಟಿಸುತ್ತವೆ. ಕೋಳಿಗಳ ರಾಣಿಖೇತ್ ರೋಗದ ವೈರಸ್ಸಿನ ಹತ್ತಿರದ ಬಳಗವೊಂದು ಪಾರಿವಾಳಗಳಿಗೆ ತಗಲಿದಾಗ ಕಾಣುವುದನ್ನು ಒಮ್ಮೆ ನೋಡಿದವರು ಮರೆಯಲಾರರು. ಪಾರಿವಾಳ ಕಾಳಿಗೆ ಗುರಿಯಿಟ್ಟು ಕುಟುಕುತ್ತದೆ, ಕೊಕ್ಕು ಕಾಳಿನ ಪಕ್ಕದ ನೆಲಕ್ಕೆ ಬೀಳುತ್ತದೆ. ಮತ್ತೆ ಕುಟುಕುತ್ತದೆ, ಮತ್ತೆ ತಪ್ಪುತ್ತದೆ. ಹಸಿವೂ ಇದೆ, ಕಾಳೂ ಇದೆ, ಬಾಯಿಗೆ ಮಾತ್ರ ಸೇರುವುದಿಲ್ಲ. ಬೆದರಿದರೆ ಕತ್ತು ತಿರುಚಿಕೊಂಡು ತಲೆ ತಲೆಕೆಳಗಾಗುತ್ತದೆ, ಇದ್ದಲ್ಲೇ ಸುತ್ತು ಹಾಕುತ್ತದೆ. ಕಾಗೆಗಳು ನಡೆಯಲಾರದೆ ಓಲಾಡುತ್ತ, ಒಂದರ ಹಿಂದೊಂದು ಸಾಯತೊಡಗಿದರೆ ಎಚ್ಚರ ಇನ್ನೂ ಹೆಚ್ಚಿರಬೇಕು. 1999ರಲ್ಲಿ ನ್ಯೂಯಾರ್ಕಿಗೆ, ಸೊಳ್ಳೆಗಳಿಂದ ಮನುಷ್ಯರಿಗೂ ತಗಲುವ ವೆಸ್ಟ್ ನೈಲ್ ವೈರಸ್ ಕಾಲಿಟ್ಟ ಸುಳಿವು ಸಿಕ್ಕಿದ್ದರಲ್ಲಿ ಸತ್ತುಬೀಳುತ್ತಿದ್ದ ಕಾಗೆಗಳ ಪಾಲು ದೊಡ್ಡದು. 2021ರ ಜನವರಿಯಲ್ಲಿ ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ಸತ್ತ ಕಾಗೆಗಳನ್ನು ಪರೀಕ್ಷಿಸಿದಾಗ ಎಚ್‌5ಎನ್‌8 ಹಕ್ಕಿಜ್ವರ ದೃಢಪಟ್ಟಿತು. ಆದರೆ ಇದೇ ಓಲಾಟ, ಇದೇ ಸೆಳೆತ ಕೀಟನಾಶಕ ಸೇರಿದ ಕಾಳು ತಿಂದ ಹಕ್ಕಿಯಲ್ಲೂ, ಗಾಜಿಗೆ ಬಡಿದು ತಲೆಗೆ ಪೆಟ್ಟಾದ ಹಕ್ಕಿಯಲ್ಲೂ ಕಾಣುತ್ತದೆ. ಹತ್ತಿರದಲ್ಲಿ ದೊಡ್ಡ ಕಿಟಕಿಯಿದೆಯೇ, ಅಂದು ಔಷಧಿ ಹೊಡೆದಿದ್ದಾರೆಯೇ, ಒಂದೇ ಹಕ್ಕಿಯೋ ಹಲವೋ ಎಂಬ ಪ್ರಶ್ನೆಗಳು ಇಲ್ಲಿ ಲಕ್ಷಣದಷ್ಟೇ ಮುಖ್ಯ.

ಚರ್ಮ ಮತ್ತು ಕಾಲಿನ ತೊಂದರೆಗಳನ್ನು ಗುರುತಿಸುವುದು ಸುಲಭ. ಗರಿಯಿಲ್ಲದ ಜಾಗಗಳಲ್ಲಿ, ಅಂದರೆ ಕಣ್ಣಂಚು, ಕೊಕ್ಕಿನ ಬುಡ, ಕಾಲುಗಳಲ್ಲಿ ನರುಲಿಯಂಥ ಗಂಟುಗಳೆದ್ದಿದ್ದರೆ ಅದು ಸೊಳ್ಳೆಯಿಂದಲೂ ಪರಸ್ಪರ ತಾಗುವಿಕೆಯಿಂದಲೂ ಹರಡುವ ಹಕ್ಕಿ ಸಿಡುಬಾಗಿರಬಹುದು. ಕಣ್ಣಿಗೋ ಬಾಯಿಗೋ ಅಡ್ಡ ಬಾರದಿದ್ದರೆ ಹಲವು ಹಕ್ಕಿಗಳು ಇದರಿಂದ ತಾವಾಗಿಯೇ ಗುಣವಾಗುತ್ತವೆ. ಕಾಲಿನ ಮೇಲೆ ಬೂದು ಪೊರೆ ದಪ್ಪಗೆ ಬೆಳೆದಿದ್ದರೆ ಸೂಕ್ಷ್ಮ ನುಸಿಗಳ ಕೆಲಸ. ಪಾರಿವಾಳಗಳ ಬೆರಳು ಊದಿ ಉದುರಿಹೋಗುವುದಕ್ಕೆ ಬಹಳ ಸಲ ರೋಗ ಕಾರಣವೇ ಅಲ್ಲ, ಸುತ್ತಿಕೊಂಡ ದಾರ ಅಥವಾ ತಲೆಗೂದಲು.

ಹಿಕ್ಕೆಯನ್ನು ನೋಡುವುದಕ್ಕೆ ಹೇಸಬೇಕಿಲ್ಲ. ಹತ್ತಿರ ಹೋಗದೆಯೇ ಹಕ್ಕಿಯ ಒಳಗಿನ ಸ್ಥಿತಿ ತಿಳಿಯುವ ದಾರಿ ಅದು. ತಾಜಾ ಹಿಕ್ಕೆಯಲ್ಲಿ ಮೂರು ಭಾಗ ಕಾಣುತ್ತದೆ: ನಡುವಿನ ಕಡುಬಣ್ಣದ ಸುರುಳಿ ಮಲ, ಅದರ ಮೇಲೆ ಕೂತ ಸುಣ್ಣದಂಥ ಬಿಳಿಮುದ್ದೆ, ಸುತ್ತ ಹರಡಿದ ತೆಳುನೀರು. ನೀರನ್ನು ಉಳಿಸುವ ಸಲುವಾಗಿ ಹಕ್ಕಿಯ ಮೂತ್ರಪಿಂಡ ಮೈಯ ಕಶ್ಮಲವನ್ನು ಯೂರಿಕ್ ಆಮ್ಲವಾಗಿ ಹೊರಹಾಕುವುದರಿಂದ ಆ ಬಿಳಿಭಾಗ ಉಂಟಾಗುತ್ತದೆ. ಮಲದ ಭಾಗ ತೀರಾ ಕಿರಿದಾಗಿ ಎಲೆಹಸಿರಾಗಿದ್ದರೆ ಹೊಟ್ಟೆಯಲ್ಲಿ ಮೇವಿಲ್ಲದೆ ಪಿತ್ತರಸವೇ ಹೊರಬರುತ್ತಿದೆ ಎಂದರ್ಥ. ಬಿಳಿಭಾಗ ಹಳದಿ ಅಥವಾ ಹಸಿರಿಗೆ ತಿರುಗಿದ್ದರೆ ಯಕೃತ್ತಿನ ಕಡೆ ಅನುಮಾನ ಹೋಗುತ್ತದೆ. ಹಣ್ಣು ತಿಂದ ಪಿಕಳಾರದ ಹಿಕ್ಕೆ ನೇರಳೆಯಾಗಿರುವುದು, ಮಕರಂದ ಹೀರುವ ಸೂರಕ್ಕಿಯದು ನೀರಾಗಿರುವುದು ಸಹಜ. ಒಂದು ಹಿಕ್ಕೆಯಿಂದ ಏನೂ ತಿಳಿಯದು, ಒಂದೇ ಜಾಗದಲ್ಲಿ ಕೂತ ಒಂದೇ ಹಕ್ಕಿಯ ಹಲವು ಹಿಕ್ಕೆಗಳು ಹಾಗಿದ್ದರೆ ಮಾತ್ರ ಅರ್ಥವಿದೆ. ಬಾಲದ ಕೆಳಗಿನ ಗರಿ ಕೊಳೆಯಾಗಿ ಮುದ್ದೆಗಟ್ಟಿದ್ದರೆ ಅದಕ್ಕೆ ಬೇರೆ ಸಾಕ್ಷಿ ಬೇಡ, ಏಕೆಂದರೆ ಆರೋಗ್ಯವಾಗಿರುವ ಹಕ್ಕಿ ದಿನದಲ್ಲಿ ಎಷ್ಟೋ ಹೊತ್ತು ಗರಿ ತೀಡಿಕೊಳ್ಳುವುದರಲ್ಲೇ ಕಳೆಯುತ್ತದೆ.

ಕಾಯಿಲೆಯಲ್ಲದ್ದನ್ನು ಕಾಯಿಲೆಯೆಂದು ಭಾವಿಸಿ ಹಕ್ಕಿಗೆ ತೊಂದರೆ ಕೊಡುವುದೂ ಕಡಿಮೆಯೇನಲ್ಲ. ಇದರಲ್ಲಿ ಮೊದಲ ಬಲಿ ಆಗತಾನೇ ಗೂಡು ಬಿಟ್ಟ ಮರಿ. ಗಿಡ್ಡ ಬಾಲ, ಬಾಯಿಯ ಮೂಲೆಯಲ್ಲಿ ಹಳದಿ ಮಡಿಕೆ, ತಲೆಯ ಮೇಲೆ ಅಲ್ಲೊಂದು ಇಲ್ಲೊಂದು ತುಪ್ಪುಳು. ನೆಲದ ಮೇಲೆ ಅಥವಾ ತಗ್ಗಿನ ಕೊಂಬೆಯಲ್ಲಿ ಗರಿ ಉಬ್ಬಿಸಿ ಕೂತಿರುತ್ತದೆ, ಹತ್ತಿರ ಹೋದರೂ ಹಾರದು. ಮೇಲೆ ಹೇಳಿದ ಎಲ್ಲ ಪರೀಕ್ಷೆಗಳಲ್ಲೂ ಅದು ರೋಗಿಯೆಂದೇ ತೋರುತ್ತದೆ, ಆದರೆ ಅದು ಪೂರ್ಣ ಆರೋಗ್ಯವಾಗಿದ್ದು ತಂದೆತಾಯಿ ಗುಟುಕು ತರುವುದನ್ನು ಕಾಯುತ್ತಿರುತ್ತದೆ. ದೂರ ಸರಿದು ಒಂದು ಗಂಟೆ ನೋಡಿದರೆ ದೊಡ್ಡ ಹಕ್ಕಿ ಬಂದು ಉಣಿಸುವುದು ಸಾಮಾನ್ಯವಾಗಿ ಕಾಣುತ್ತದೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದೆಂಬ ನಂಬಿಕೆ ನಿಜವಲ್ಲವಾದ್ದರಿಂದ, ಬೆಕ್ಕಿನ ಭಯವಿದ್ದರೆ ಎತ್ತಿ ಹತ್ತಿರದ ಪೊದೆಯಲ್ಲಿ ಕೂರಿಸಬಹುದು. ಮರಿ ಮಾಡುವ ಕಾಲ ಮುಗಿದ ಮೇಲೆ ಹಳೆಯ ಗರಿ ಉದುರಿಸುವ ಹಕ್ಕಿಗಳದ್ದು ಇನ್ನೊಂದು ಗೊಂದಲ. ಕೆಲವದರ ತಲೆಗರಿ ಒಮ್ಮೆಲೇ ಉದುರಿ ಬೋಳಾಗಿ, ನೋಡಲು ವಿಕಾರವಾಗಿ, ಕೆಲವೇ ವಾರಗಳಲ್ಲಿ ಹೊಸದಾಗಿ ತುಂಬಿಕೊಳ್ಳುತ್ತದೆ. ಬಿಸಿಲು ಕಾಯಿಸುವ ಹಕ್ಕಿಯಂತೂ ರೆಕ್ಕೆ ಹರಡಿ, ತಲೆ ಓರೆ ಮಾಡಿ, ಬಾಯಿ ತೆರೆದು ನೆಲದ ಮೇಲೆ ಬಿದ್ದುಕೊಂಡಿರುವುದನ್ನು ಕಂಡರೆ ಪ್ರಾಣ ಹೋಗುತ್ತಿದೆಯೆಂದೇ ಅನ್ನಿಸುತ್ತದೆ. ಒಂದು ಹೆಜ್ಜೆ ಮುಂದಿಟ್ಟರೆ ಅದು ಎದ್ದು ಹಾರಿಹೋಗುತ್ತದೆ.

ನಿಜವಾಗಿಯೂ ರೋಗವೇ ಎಂದು ಕಂಡಾಗ ಮೊದಲು ಮಾಡಬೇಕಾದ ಕೆಲಸ ಮನಸ್ಸಿಗೆ ಒಪ್ಪುವಂಥದ್ದಲ್ಲ. ಸೊರಗಿದ ಹಕ್ಕಿಗೆ ಇನ್ನೊಂದು ಹಿಡಿ ಕಾಳು ಹಾಕೋಣವೆನ್ನಿಸುತ್ತದೆ, ಆದರೆ ಕಾಳನ್ನೂ ನೀರನ್ನೂ ನಿಲ್ಲಿಸಬೇಕು. ಬಯಲಿನಲ್ಲಿ ಚದುರಿ ಮೇಯುವ ಹಕ್ಕಿಗಳನ್ನು ದಿನವೂ ಒಂದೇ ತಟ್ಟೆಗೆ ಕೂಡಿಸುವವರು ನಾವು. ಕಣ್ಣು, ಗಂಟಲು, ಹೊಟ್ಟೆಯ ಮೂರೂ ರೋಗಗಳಿಗೆ ಆ ತಟ್ಟೆಯೇ ಸಂತೆ. ಕನಿಷ್ಠ ಎರಡು ವಾರ, ಸಾವುಗಳು ಮುಂದುವರಿದರೆ ಇನ್ನೂ ಹೆಚ್ಚು ಕಾಲ ನಿಲ್ಲಿಸಿದರೆ ಗುಂಪು ಚದುರುತ್ತದೆ. ಈ ನಡುವೆ ತಟ್ಟೆ, ಬಟ್ಟಲುಗಳನ್ನು ಸೋಪಿನ ನೀರಿನಲ್ಲಿ ಉಜ್ಜಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣದಲ್ಲಿ ಹತ್ತು ನಿಮಿಷ ನೆನೆಸಿ, ಚೆನ್ನಾಗಿ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಒಣಗಿಸುವುದು ಉಪಚಾರದ ಮಾತಲ್ಲ: ಗಂಟಲು ರೋಗದ ಪರಾವಲಂಬಿ ತೇವವಿಲ್ಲದೆ ಹೆಚ್ಚು ಹೊತ್ತು ಬದುಕಲಾರದು. ಸಾಲ್ಮೊನೆಲ್ಲಾ ಒಣ ಹಿಕ್ಕೆಯಲ್ಲೂ ಮಣ್ಣಿನಲ್ಲೂ ಬಹುಕಾಲ ಉಳಿಯುವುದರಿಂದ ಅದಕ್ಕೆ ಬ್ಲೀಚೂ ಬೇಕು, ನೆಲದ ಮೇಲೆ ಚೆಲ್ಲಿದ ಕಾಳನ್ನು ಗುಡಿಸಿ ತೆಗೆಯುವುದೂ ಬೇಕು. ಈ ತೊಳೆಯುವ ಕೆಲಸ ಅಡುಗೆಮನೆಯಲ್ಲಿ ಬೇಡ.

ಹಕ್ಕಿಯನ್ನು ಕೈಗೆತ್ತಿಕೊಳ್ಳಲೇಬೇಕಾಗಿ ಬಂದರೆ ಕೈಗವಸು ಹಾಕಿಕೊಂಡು, ತೆಳುಬಟ್ಟೆಯಿಂದ ಮುಚ್ಚಿ ಹಿಡಿದು, ಗಾಳಿಯಾಡುವ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಕತ್ತಲೆಯ ಬೆಚ್ಚಗಿನ ಜಾಗದಲ್ಲಿ ಬಿಡಬೇಕು. ಗಾಜಿಗೆ ಬಡಿದ ಹಕ್ಕಿ ಅಷ್ಟರಿಂದಲೇ ಒಂದೆರಡು ಗಂಟೆಯಲ್ಲಿ ಚೇತರಿಸಿಕೊಳ್ಳುವುದುಂಟು. ಕೊಕ್ಕು ಬಿಡಿಸಿ ನೀರು ಹನಿಸುವುದು ಅಪಾಯ, ಏಕೆಂದರೆ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ಇರುವುದರಿಂದ ನೀರು ನೇರವಾಗಿ ಉಸಿರಿನ ದಾರಿಗೆ ಹೋಗುತ್ತದೆ. ಹಾಲು ಕುಡಿಸಬಾರದು. ಮನೆಯಲ್ಲಿರುವ ಆ್ಯಂಟಿಬಯೋಟಿಕ್ ಮಾತ್ರೆಯನ್ನು ನೀರಿನ ಬಟ್ಟಲಿಗೆ ಪುಡಿಮಾಡಿ ಹಾಕುವುದು ಇನ್ನೂ ಕೆಟ್ಟದ್ದು: ಯಾವ ಹಕ್ಕಿ ಎಷ್ಟು ಕುಡಿಯಿತೆಂಬ ಲೆಕ್ಕವಿರುವುದಿಲ್ಲ, ಅರೆಬರೆ ಗುಣವಾದ ಹಕ್ಕಿ ರೋಗವನ್ನು ಹೊತ್ತುಕೊಂಡು ಮತ್ತೊಂದು ಗುಂಪಿಗೆ ಹೋಗುತ್ತದೆ. ಬೆಕ್ಕು ಕಚ್ಚಿದ ಹಕ್ಕಿಯನ್ನು ಮಾತ್ರ, ಗಾಯ ಕಾಣದಿದ್ದರೂ, ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಸೂಜಿಮೊನೆಯಂಥ ಹಲ್ಲಿನ ತೂತು ಗರಿಯೊಳಗೆ ಮರೆಯಾಗಿರುತ್ತದೆ, ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ರಕ್ತಕ್ಕೆ ನಂಜೇರಿಸಿ ಕೊಲ್ಲುತ್ತದೆ.

ಒಂದು ಹಕ್ಕಿ ಸತ್ತರೆ ಅದು ಪ್ರಕೃತಿಯಲ್ಲಿ ನಿತ್ಯ ನಡೆಯುವ ಸಂಗತಿ. ಕೆಲವು ದಿನಗಳೊಳಗೆ ಒಂದೇ ಜಾಗದಲ್ಲಿ ಹಲವು ಸತ್ತರೆ, ಅದರಲ್ಲೂ ಕಾಗೆ, ಬಾತು, ಗಿಡುಗಗಳು ಅವುಗಳಲ್ಲಿದ್ದರೆ, ಬರಿಗೈಯಲ್ಲಿ ಮುಟ್ಟದೆ, ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರವಿಟ್ಟು ಪಶುಸಂಗೋಪನೆ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು. ತಿಳಿಸುವಾಗ ಹಕ್ಕಿಗೆ ಹುಷಾರಿಲ್ಲ ಎಂದಷ್ಟೇ ಹೇಳಿದರೆ ಅವರಿಗೆ ಹೆಚ್ಚೇನೂ ಸಿಕ್ಕುವುದಿಲ್ಲ. ಯಾವ ಜಾತಿ, ಎಷ್ಟು, ಯಾವ ದಿನದಿಂದ, ಸಾಯುವ ಮುನ್ನ ಕಣ್ಣು ಮುಚ್ಚಿತ್ತೋ ಕತ್ತು ತಿರುಚಿತ್ತೋ ಬಾಯಿ ತೊಯ್ದಿತ್ತೋ, ಪಕ್ಕದಲ್ಲಿ ಕೋಳಿಗೂಡಿದೆಯೋ, ಹತ್ತಿರದಲ್ಲಿ ಯಾರಾದರೂ ಔಷಧಿ ಹೊಡೆದಿದ್ದರೋ ಎಂಬ ವಿವರಗಳ ಜೊತೆಗೆ ದೂರದಿಂದ ತೆಗೆದ ಒಂದು ಫೋಟೊ ಇದ್ದರೆ, ಮಾದರಿ ತೆಗೆಯಬೇಕೇ ಬೇಡವೇ ಎಂದು ಅವರು ಅಲ್ಲೇ ನಿರ್ಧರಿಸಬಲ್ಲರು. ಕೊಳೆತ ದೇಹದಿಂದ ಪ್ರಯೋಗಾಲಯಕ್ಕೆ ಪ್ರಯೋಜನ ಕಡಿಮೆಯಾದ್ದರಿಂದ ಸಾವು ಕಣ್ಣಿಗೆ ಬಿದ್ದ ದಿನವೇ ಹೇಳಿದರೆ ಒಳ್ಳೆಯದು.